ಸಹಿಗೂ ಕಾವಲು ಬೇಕು

ಚುನಾಯಿತರನ್ನು ಅವಧಿಗೆ ಮುನ್ನವೇ ಹಿಂದಕ್ಕೆ ಕರೆಸುವ ಹಕ್ಕು ಮತದಾರರಿಗೆ ಬೇಕೆಂದು ಅಣ್ಣಾ ಹಜಾರೆ 2011ರಲ್ಲಿ ಒತ್ತಾಯಿಸಿದ್ದರು. ಸಂಸದರು, ಶಾಸಕರ ಮಟ್ಟಿಗೆ ಆ ಹಕ್ಕು ನಮ್ಮಲ್ಲಿ ಇಂದಿಗೂ ಇಲ್ಲ. ಬರುವುದಾದರೆ ಸಹಿ ಸಂಗ್ರಹದ ಮೋಸ ತಡೆಯುವ ಕಾನೂನೂ ಅದರ ಜತೆಗೇ ಬರಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಇಂಥ ಮತದಾನದಲ್ಲೇ ಅಧಿಕಾರ ಕಳೆದುಕೊಂಡರು. 2021ರಲ್ಲಿ ಗ್ಯಾವಿನ್ ನ್ಯೂಸಮ್ ಉಳಿದುಕೊಂಡರು. ಆ ಮತದಾನಕ್ಕೆ ಬೇಕಿದ್ದುದು ಸುಮಾರು 15 ಲಕ್ಷ ಸಹಿಗಳು! ಅಷ್ಟು ಸಹಿ ಕೂಡಿಸುವಾಗ ಸುಳ್ಳು ನುಸುಳುವುದು ಸುಲಭ. ಆದುದರಿಂದ ಅರ್ಜಿಯ ವಿಷಯವನ್ನು ಬೇಕೆಂದೇ ತಿರುಚಿ ಹೇಳುವುದು, ಓದಲು ಬಿಡದಿರುವುದು, ಪರರ ಹೆಸರಲ್ಲಿ ಸಹಿ ಹಾಕುವುದು ಅಲ್ಲಿ ಅಪರಾಧ. ಸಹಿಗಳನ್ನು ಅಧಿಕಾರಿಗಳು ಮತದಾರರ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ರಾಜ್ಯಮಟ್ಟದ ಅರ್ಜಿಗಳಲ್ಲಿ ಸಹಿ ಹಿಂಪಡೆಯಲು 30 ಕೆಲಸದ ದಿನಗಳ ಅವಕಾಶವನ್ನು 2017ರಲ್ಲಿ ಸೇರಿಸಲಾಯಿತು.

ಶಿಕ್ಷೆಗಿಂತ ಈ ಕೊನೆಯದೇ ಮುಖ್ಯ. ಮೋಸಗಾರನಿಗೆ ಮುಂದೆಂದೋ ದಂಡ ಬಿದ್ದರೆ ಹೋದ ಅಧಿಕಾರ ಮರಳದು. ಓದುವ, ಹಿಂಪಡೆಯುವ ಹಕ್ಕಿಲ್ಲದಿದ್ದರೆ ಜನರ ಅಸ್ತ್ರ ಚುನಾವಣೆಯಲ್ಲಿ ಸೋತವರ ಅಸ್ತ್ರವಾದೀತು.

ಸಂಘದ ವಿಶೇಷ ಮಹಾಸಭೆ ಕರೆಯುವ ಮನವಿಗೆ ಸಹಿ ಹಾಕುವ ಸದಸ್ಯ ಬಂಧುಗಳಿಗೂ ಈ ಮಾತು ಅನ್ವಯಿಸುತ್ತದೆ: ಮೊದಲು ಓದು, ಆಮೇಲೆ ಸಹಿ.