ಹಲಸಿಯ ಗುಡಿಯಲ್ಲಿ ಕ್ಯಾಮೆರಾ ಎಲ್ಲಿಡಬೇಕು?

ಕಳೆದ ಚಳಿಗಾಲದಲ್ಲಿ ಹಲಸಿಯ ಭೂವರಾಹ ನರಸಿಂಹ ಗುಡಿಗೆ ದೊಡ್ಡ ಊರಿನಿಂದ ಒಂದು ನೃತ್ಯ ತಂಡ ಬಂದಿತ್ತು. ಕಂಟೆಂಪರರಿ ಡಾನ್ಸ್‌ನ ಕಿರುಚಿತ್ರ ತೆಗೆಯಲು. ನಾವು ಸುದ್ದಿ ಮಾಡಲು ಹೋದೆವು, ಫೋಟೊ ಸಮೇತ ಮೂರು ಕಾಲಂ ಬಂತು. ಶಿಲ್ಪವೈಭವ, ಹೊಸ ಮೆರುಗು, ಪ್ರವಾಸೋದ್ಯಮ ಎಂಬ ಮಾಮೂಲಿ ಪದಗಳೆಲ್ಲ ಅದರಲ್ಲಿದ್ದವು. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಂಜೆ ದೀಪಕ್ಕೆಂದು ಎಣ್ಣೆ ತಂದಿದ್ದ ಅಜ್ಜಿಯೊಬ್ಬರನ್ನು ತಂಡದವರು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಹೊಗೆ ಯಂತ್ರ ಬುಸುಗುಡುತ್ತಿತ್ತು. “ತಮ್ಮಾ, ಇವರದು ಮುಗಿಯೂತನಕ ದೇವರು ಕತ್ತಲ್ಯಾಗ ಕೂಡ್ಬೇಕೇನು?” ಎಂದು ಅಜ್ಜಿ ನಮ್ಮನ್ನು ಕೇಳಿದರು. ನಮ್ಮ ಕೊರಳಲ್ಲಿ ಪ್ರೆಸ್ ಕಾರ್ಡ್ ಇತ್ತು, ಬಾಯಲ್ಲಿ ಮಾತಿರಲಿಲ್ಲ. ಆಕೆ ಮುಕ್ಕಾಲು ಗಂಟೆ ಕಟ್ಟೆಯ ಮೇಲೆ ಕೂತರು.

ಗುಡಿಯಲ್ಲಿ ಕುಣಿಯಬಾರದು, ಚಿತ್ರ ತೆಗೆಯಬಾರದು ಎನ್ನುವವರು ನಾವಲ್ಲ. ಕಟ್ಟಡದೊಳಗೆ ಕುಣಿತವನ್ನು ಚಿತ್ರಿಸುವುದು ಹೊಸದೂ ಅಲ್ಲ. 1945ರಲ್ಲೇ ಅಮೆರಿಕದ ಮಾಯಾ ಡೆರೆನ್ ಎರಡು-ಮೂರು ನಿಮಿಷದ ಒಂದು ಚಿತ್ರ ಮಾಡಿದ್ದರು. ಅದರಲ್ಲಿ ನರ್ತಕ ಟ್ಯಾಲಿ ಬೀಟಿ ಕಾಡಿನಲ್ಲಿ ಎತ್ತಿದ ಕಾಲು ಮನೆಯೊಳಗೆ ಇಳಿಯುತ್ತದೆ. 2011ರಲ್ಲಿ ವಿಮ್ ವೆಂಡರ್ಸ್ ‘ಪೀನಾ’ ಚಿತ್ರಕ್ಕಾಗಿ ನರ್ತಕರನ್ನು ಜರ್ಮನಿಯ ವುಪರ್ಟಾಲ್ ನಗರದ ಬೀದಿಗೆ, ಅಲ್ಲಿನ ನೇತಾಡುವ ರೈಲಿನೊಳಕ್ಕೆ ಕರೆದೊಯ್ದರು. ಅದು ಪೀನಾ ಬೌಶ್ ದಶಕಗಳ ಕಾಲ ಕೆಲಸ ಮಾಡಿದ ಊರು. ಹಾಗಾಗಿ ಆ ರೈಲು ಬರೀ ಹಿನ್ನೆಲೆ ಪರದೆಯಂತೆ ಕಾಣುವುದಿಲ್ಲ.

ಹಲಸಿಗೆ ಬಂದವರು ಕಳೆದುಕೊಂಡದ್ದು ಇದನ್ನೇ. ಗೋವಾ ಕದಂಬರ ಕಾಲದ, 12ನೇ ಶತಮಾನದ ಈ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಡುವೆ ನಿಂತ ನರ್ತಕಿ ಯಾವ ಕಡೆ ಮುಖ ಮಾಡಿದರೂ ಬೆನ್ನಿಗೆ ಒಬ್ಬ ದೇವರು ಇದ್ದೇ ಇರುತ್ತಾನೆ. ರಂಗಮಂಚಕ್ಕೊಂದು ಮುಂಭಾಗವಿರುತ್ತದೆ, ಇಲ್ಲಿ ಅದೇ ಇಲ್ಲ. ನೃತ್ಯಕ್ಕೆ ಒಂದೇ ದಿಕ್ಕು ಬೇಡ ಎಂದು ಮರ್ಸ್ ಕನಿಂಗ್‌ಹ್ಯಾಮ್‌ರಂಥವರು ಕಳೆದ ಶತಮಾನದಲ್ಲಿ ವಾದಿಸಿದರು. ನಮ್ಮ ಹಲಸಿಯಲ್ಲಿ ಆ ಪ್ರಶ್ನೆ ಕಲ್ಲಿನಲ್ಲೇ ಇದೆ. ಕ್ಯಾಮೆರಾ ನೆಲದ ಮಟ್ಟದಲ್ಲಿ, ಅಲುಗಾಡದೆ, ಐದು ನಿಮಿಷ ನಿಂತಿದ್ದರೆ ಸಾಕಿತ್ತು. ಅವರು ಡ್ರೋನ್ ಹಾರಿಸಿದರು. ಮೇಲಿನಿಂದ ನೋಡಿದರೆ ಶಿಖರದ ಮೆಟ್ಟಿಲುಗಳು ಕಾಣುತ್ತವೆ, ಚೆಂದವೂ ಹೌದು, ಆದರೆ ಕುಣಿಯುವವಳು ಇರುವೆಯಾಗುತ್ತಾಳೆ.

ಚಿತ್ರ ಬಂದ ಮೇಲೆ ಅಜ್ಜಿಗೆ ಫೋನಿನಲ್ಲಿ ತೋರಿಸಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಆಗುವ ದೃಶ್ಯಗಳು. “ನಮ್ಮ ಗುಡಿ ಇನ್ನೂ ಬಂದಿಲ್ಲೇನು?” ಎಂದರು. ಆಗಲೇ ಅರ್ಧ ಮುಗಿದಿತ್ತು. ಶೀರ್ಷಿಕೆಯಲ್ಲಿ ‘ಪ್ರಾಚೀನ ದೇಗುಲ’ ಎಂದಷ್ಟೇ ಇತ್ತು. ತಾಮ್ರಶಾಸನಗಳಲ್ಲಿ ಪಲಾಶಿಕಾ ಎಂದು ಹೆಸರಿದ್ದ, ಬನವಾಸಿಯ ಕದಂಬ ಮೃಗೇಶವರ್ಮ ಜಿನಾಲಯ ಕಟ್ಟಿಸಿದ ಊರಿಗೆ ಇವರ ಚಿತ್ರದಲ್ಲಿ ಹೆಸರೇ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಕಚೇರಿಯ ಪರವಾನಗಿ ಇದ್ದರೂ ಊರಿನವರನ್ನು ಕೇಳಿ, ಪೂಜೆಯ ಹೊತ್ತು ಬಿಟ್ಟು ಚಿತ್ರೀಕರಿಸಲಿ. ಹೊಗೆ ಬೇಡ. ಊರಿನ ಹೆಸರು ಹಾಕಲಿ, ಮೊದಲ ಪ್ರದರ್ಶನ ಗುಡಿಯ ಮುಂದಿನ ಬಯಲಲ್ಲೇ ಆಗಲಿ. ಒಂದು ಬಿಳಿ ಪರದೆ, ಒಂದು ಪ್ರೊಜೆಕ್ಟರ್‌ಗೆ ಎಷ್ಟು ಖರ್ಚು? ಡ್ರೋನ್ ಬಾಡಿಗೆ ಕೊಡುವವರಿಗೆ ಅದು ಭಾರವಾಗದು.

ಅಂದಹಾಗೆ, ಎಲ್ಲರೂ ಗುಡಿಗೇ ಏಕೆ ಬರಬೇಕು? ಖಾನಾಪುರ ಹಂಚಿಗೆ ಹೆಸರಾದ ಊರು. ಸಾಲಾಗಿ ಒಣಗಲಿಟ್ಟ ಹಸಿ ಹಂಚು, ಭಟ್ಟಿಯ ಕಾವು, ಮಣ್ಣು ತುಳಿಯುವ ಕಾಲುಗಳು. ಅಲ್ಲಿ ಕೆಲಸವೇ ಅರ್ಧ ಕುಣಿತ. ಯಾರಾದರೂ ಕ್ಯಾಮೆರಾ ಹಿಡಿದು ಅಲ್ಲಿಗೂ ಹೋಗಲಿ, ಕೂಲಿಯವರ ಆ ದಿನದ ಪಗಾರ ಕೊಟ್ಟು.

ಮುಂದಿನ ತಂಡ ಬಂದಾಗ ದೀಪದ ಹೊತ್ತು ಯಾವುದು ಎಂದು ನಾವು ಮೊದಲೇ ಕೇಳುತ್ತೇವೆ. ಉತ್ತರವನ್ನು ಸುದ್ದಿಯಲ್ಲೂ ಬರೆಯುತ್ತೇವೆ. ಡೆಸ್ಕ್‌ನವರು ಆ ಸಾಲು ಕತ್ತರಿಸಿದರೆ ಇಲ್ಲಿ ಹಾಕುತ್ತೇವೆ.