ಯಂತ್ರಗರಗಸ ಕೊಳ್ಳುವ ಮುನ್ನ

ಮಳೆಗಾಲ ಹಿಂದೆ ಸರಿದು ತೋಟಗಳ ನೆಲ ಗಟ್ಟಿಯಾದೊಡನೆ ನಮ್ಮ ಗಡಿನಾಡಿನಲ್ಲಿ ಮರ ಕಡಿಯುವ ಕಾಲ ಆರಂಭವಾಗುತ್ತದೆ. ಹಾಲು ಬತ್ತಿದ ರಬ್ಬರ್, ಮನೆಯ ಮೇಲೆ ವಾಲಿದ ಹಲಸು, ಅಡಿಕೆ ತೋಟಕ್ಕೆ ನೆರಳಾದ ಕಾಡುಮಾವು ಎಲ್ಲವೂ ಈ ನಾಲ್ಕೈದು ತಿಂಗಳಲ್ಲೇ ನೆಲಕ್ಕುರುಳಬೇಕು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮರ ಕಡಿಯುವ ಕೂಲಿಯಿಂದಲೇ ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವವರು ಹಲವರಿದ್ದಾರೆ. ಅವರು ಸಾಲ ಮಾಡಿ ಸ್ವಂತ ಯಂತ್ರಗರಗಸವನ್ನು, ಅಂದರೆ ಚೈನ್‌ಸಾವನ್ನು ಕೊಳ್ಳಲು ಹೊರಟಾಗ ಕೇಳುವ ಮೊದಲ ಪ್ರಶ್ನೆ ‘ಯಾವ ಕಂಪೆನಿಯದು ಒಳ್ಳೆಯದು?’ ಎಂಬುದು. ಯಂತ್ರದ ಪ್ರಶ್ನೆಗೆ ವಕೀಲನಲ್ಲಿ ಉತ್ತರವೇನಿದೆ ಎಂದು ಓದುಗರು ಕೇಳಬಹುದು. ಯಂತ್ರದ ಆಯ್ಕೆಯಲ್ಲಿ ಎಡವಿದವರು ಕೊನೆಗೆ ಬರುವುದು ವಕೀಲರ ಬಳಿಗೇ ಆದುದರಿಂದ ಈ ವಾರದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲಿಗೆ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಅಂಗಡಿಯಲ್ಲಿ ಗರಗಸದ ಬಲವನ್ನು ‘ಸಿಸಿ’ಯಲ್ಲಿ ಹೇಳುತ್ತಾರೆ. ಸಿಸಿ ಎಂಬುದು ಎಂಜಿನಿನ ಸಿಲಿಂಡರಿನ ಗಾತ್ರವೇ ಹೊರತು ಅದರ ಶಕ್ತಿಯಲ್ಲ. ಶಕ್ತಿಯನ್ನು ಅಳೆಯುವುದು ಕಿಲೋವಾಟಿನಲ್ಲಿ ಅಥವಾ ಅಶ್ವಶಕ್ತಿಯಲ್ಲಿ. ಒಂದು ಕಿಲೋವಾಟ್ ಎಂದರೆ ಸುಮಾರು 1.36 ಅಶ್ವಶಕ್ತಿ. ಜರ್ಮನಿಯ ಸ್ಟಿಲ್ ಕಂಪೆನಿಯ ಎರಡು ಮಾದರಿಗಳನ್ನೇ ನೋಡಿ. ಕೃಷಿಕರಿಗಾಗಿ ಮಾಡಿದ ಎಂಎಸ್ 391ರ ಸಿಲಿಂಡರ್ 64.1 ಸಿಸಿ, ಶಕ್ತಿ 3.3 ಕಿಲೋವಾಟ್, ತೂಕ ಆರು ಕಿಲೋಗ್ರಾಮಿಗೂ ಮಿಗಿಲು. ವೃತ್ತಿಪರರಿಗಾಗಿ ಮಾಡಿದ ಎಂಎಸ್ 362ರ ಸಿಲಿಂಡರ್ 59 ಸಿಸಿ ಮಾತ್ರ. ಆದರೆ ಶಕ್ತಿ 3.5 ಕಿಲೋವಾಟ್, ತೂಕವೋ ಮೊದಲನೆಯದಕ್ಕಿಂತ ಅರ್ಧ ಕಿಲೋಗ್ರಾಮಿನಷ್ಟು ಕಡಿಮೆ. ಚಿಕ್ಕ ಸಿಲಿಂಡರ್ ಹೆಚ್ಚು ದುಡಿಯುತ್ತದೆ, ಕಡಿಮೆ ಭಾರ ಹೊರಿಸುತ್ತದೆ. ‘ವೃತ್ತಿಪರ’ ಎಂಬ ಪದಕ್ಕೆ ನಾವು ತೆರುವ ಹೆಚ್ಚಿನ ಬೆಲೆಯ ಅರ್ಥ ಇದೇ. ಆದುದರಿಂದ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಸಿಸಿಯನ್ನು ಮಾತ್ರ ಮುದ್ರಿಸಿ ಕಿಲೋವಾಟನ್ನು ಮರೆಮಾಚಿದ ಯಂತ್ರದ ಬಗ್ಗೆ ಎಚ್ಚರವಿರಲಿ.

ಇನ್ನು ಕಂಪೆನಿಗಳ ಹೋಲಿಕೆಗೆ ಬರೋಣ. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸ್ಥಾಪಿಸಿದ ಸಂಸ್ಥೆ ಗರಗಸದಿಂದಲೇ ಬೆಳೆದುದು. ಸ್ವೀಡನ್ನಿನ ಹಸ್ಕ್‌ವರ್ನಾ 1689ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಹುಟ್ಟಿ, 1959ರಲ್ಲಿ ತನ್ನ ಮೊದಲ ಯಂತ್ರಗರಗಸವನ್ನು ಹೊರತಂದಿತು. ಭಾರವಾದ ಕೆಲಸದ ಮಾತು ಬಂದಾಗ ಮುಖ್ಯವಾಗಿ ಪೈಪೋಟಿಯಿರುವುದು ಈ ಎರಡರ ನಡುವೆ. ಜಪಾನಿನ ಎಕೋ ಮೂರನೆಯದಾಗಿ ನಿಲ್ಲುತ್ತದೆ. ಜಪಾನಿನದೇ ಆದ ಮಕೀಟಾ 1991ರಲ್ಲಿ ಜರ್ಮನಿಯ ಹಳೆಯ ಡೋಲ್ಮಾರ್ ಸಂಸ್ಥೆಯನ್ನು ಕೊಂಡು ಉತ್ತಮ ಪೆಟ್ರೋಲ್ ಗರಗಸಗಳನ್ನು ಮಾರುತ್ತಿತ್ತು. ಆದರೆ 2022ರಲ್ಲಿ ಪೆಟ್ರೋಲ್ ಎಂಜಿನಿನ ಉಪಕರಣಗಳ ತಯಾರಿಕೆಯನ್ನೇ ನಿಲ್ಲಿಸಿ ಬ್ಯಾಟರಿಯ ಕಡೆಗೆ ಹೊರಳಿತು. ಹಳೆಯ ದಾಸ್ತಾನಿನ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಮುಂದೆ ಬಿಡಿಭಾಗ ಎಲ್ಲಿಂದ ಬರಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ಗೋಚರಿಸುತ್ತದೆ. 50 ಸಿಸಿ ವರ್ಗದಲ್ಲಿ ಸ್ಟಿಲ್ ಎಂಎಸ್ 261 ಮತ್ತು ಹಸ್ಕ್‌ವರ್ನಾ 550 ಎಕ್ಸ್‌ಪಿ ಮಾರ್ಕ್ 2 ಎರಡೂ 3 ಕಿಲೋವಾಟ್ ಶಕ್ತಿಯವು. ಮೊದಲನೆಯದರ ತೂಕ 4.9 ಕಿಲೋಗ್ರಾಂ, ಎರಡನೆಯದರದು 5.3. 70 ಸಿಸಿ ವರ್ಗದಲ್ಲಿ ಸ್ಟಿಲ್ ಎಂಎಸ್ 462 4.4 ಕಿಲೋವಾಟ್, 6 ಕಿಲೋಗ್ರಾಂ. ಹಸ್ಕ್‌ವರ್ನಾ 572 ಎಕ್ಸ್‌ಪಿ 4.3 ಕಿಲೋವಾಟ್, 6.6 ಕಿಲೋಗ್ರಾಂ. ಎಕೋ ಸಂಸ್ಥೆಯ 73.5 ಸಿಸಿಯ ಸಿಎಸ್ 7310 ಇದೇ ವರ್ಗಕ್ಕೆ ಸೇರಿದುದು. 90 ಸಿಸಿ ವರ್ಗದಲ್ಲಿ ಸ್ಟಿಲ್ ಎಂಎಸ್ 661 5.4 ಕಿಲೋವಾಟ್ ನೀಡಿದರೆ ಹಸ್ಕ್‌ವರ್ನಾ 592 ಎಕ್ಸ್‌ಪಿ 5.6 ನೀಡುತ್ತದೆ, ತೂಕ ಎರಡರದೂ 7.4 ಕಿಲೋಗ್ರಾಂ. ಈ ತೂಕಗಳೆಲ್ಲ ಬಾರ್, ಚೈನ್ ಮತ್ತು ಇಂಧನವನ್ನು ಬಿಟ್ಟು ಹೇಳಿದವು. ಒಂದು ವರ್ಗದಲ್ಲಿ ಒಬ್ಬರು ತುಸು ಮುಂದಾದರೆ ಮತ್ತೊಂದರಲ್ಲಿ ಇನ್ನೊಬ್ಬರು ಮುಂದು. ಮೇಲುದರ್ಜೆಯ ಕಂಪೆನಿಗಳ ನಡುವಿನ ಅಂತರ ಇಷ್ಟು ಚಿಕ್ಕದಾಗಿರುವಾಗ ಹೆಸರಿಗಾಗಿ ಜಗಳವಾಡುವುದರಲ್ಲಿ ಹುರುಳಿಲ್ಲ. ನಿಜವಾದ ಅಂತರವಿರುವುದು ಅಸಲಿಗೂ ನಕಲಿಗೂ ನಡುವೆ, ಮತ್ತು ನಮ್ಮ ಕೆಲಸಕ್ಕೆ ತಕ್ಕ ಯಂತ್ರಕ್ಕೂ ತಕ್ಕದಲ್ಲದ ಯಂತ್ರಕ್ಕೂ ನಡುವೆ.

ತಕ್ಕ ಯಂತ್ರ ಯಾವುದು? ಅದನ್ನು ಮರವೇ ಹೇಳುತ್ತದೆ. ನಮ್ಮಲ್ಲಿ ಮರವನ್ನು ಸುತ್ತಳತೆಯಿಂದ ಅಳೆಯುವುದು ರೂಢಿ. ಗರಗಸದ ಬಾರನ್ನು ನೋಡಬೇಕಾದುದು ವ್ಯಾಸದಿಂದ. ಸುತ್ತಳತೆಯನ್ನು ಮೂರರಿಂದ ಭಾಗಿಸಿದರೆ ವ್ಯಾಸ ಹೆಚ್ಚು ಕಡಿಮೆ ಸಿಗುತ್ತದೆ. ನಾಲ್ಕು ಅಡಿ ಸುತ್ತಳತೆಯ ರಬ್ಬರ್ ಮರದ ವ್ಯಾಸ 15 ಇಂಚು ಆಸುಪಾಸು. 50ರಿಂದ 60 ಸಿಸಿಯ ವೃತ್ತಿಪರ ಗರಗಸ, 18 ಇಂಚಿನ ಬಾರ್ ಅದಕ್ಕೆ ಧಾರಾಳವಾಗಿ ಸಾಕು. ಆರು ಅಡಿ ಸುತ್ತಳತೆಯ ಹಲಸಿನ ವ್ಯಾಸ 23 ಇಂಚು ಇರುತ್ತದೆ. ಅಂಥವನ್ನೇ ದಿನವೂ ಕಡಿಯುವವರಿಗೆ 70 ಸಿಸಿ ವರ್ಗ, 24 ಇಂಚಿನ ಬಾರ್ ಬೇಕು. 90 ಸಿಸಿ ಮತ್ತು ಅದಕ್ಕೂ ಮೇಲಿನ ಯಂತ್ರಗಳು ಹೆಮ್ಮರಗಳಿಗೂ ದಿಮ್ಮಿಯನ್ನು ಹಲಗೆಯಾಗಿ ಸೀಳುವುದಕ್ಕೂ ತಕ್ಕವು. ವರ್ಷಕ್ಕೆ ಎರಡು ದೊಡ್ಡ ಮರ ಬರಬಹುದೆಂದು ಪ್ರತಿದಿನವೂ ಎರಡು ಕಿಲೋಗ್ರಾಂ ಹೆಚ್ಚಿನ ಭಾರ ಹೊರುವುದು ಜಾಣತನವಲ್ಲ. ದಣಿದ ತೋಳಿನಲ್ಲಿ ಹಿಡಿತ ಸಡಿಲವಾಗುತ್ತದೆ, ಹಿಡಿತ ಸಡಿಲವಾದಲ್ಲಿ ಅಪಘಾತ ಕಾದಿರುತ್ತದೆ.

ಅಪಘಾತದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪೂರ್ಣ ವೇಗದಲ್ಲಿ ಚೈನ್ ಸೆಕೆಂಡಿಗೆ 20 ಮೀಟರಿಗೂ ಮೀರಿ ಓಡುತ್ತದೆ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಇಡೀ ಗರಗಸ ಕಣ್ಣೆವೆಯಿಕ್ಕುವುದರೊಳಗೆ ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಇದನ್ನು ತಡೆಯಲೆಂದೇ ಮುಂಗೈಯ ಎದುರಿಗೆ ಚೈನ್ ಬ್ರೇಕ್ ಇರುತ್ತದೆ. ಅಂಗಡಿಯಲ್ಲೇ ಅದನ್ನು ಪರೀಕ್ಷಿಸಿ ತೋರಿಸುವಂತೆ ಕೇಳಿರಿ, ತೋರಿಸಲಾಗದವನಿಂದ ಕೊಳ್ಳಬೇಡಿ. ಕಂಪನದ ತೊಂದರೆ ನಿಧಾನವಾಗಿ ಬರುತ್ತದೆ. ವರ್ಷಗಟ್ಟಲೆ ನಡುಗುವ ಹಿಡಿಯನ್ನು ಹಿಡಿದವರ ಬೆರಳುಗಳು ಬಿಳಿಚಿ ಮರಗಟ್ಟುತ್ತವೆ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಯುರೋಪಿನ ಒಕ್ಕೂಟ 2002ರಲ್ಲೇ ಕೆಲಸಗಾರನ ಕೈಗೆ ದಿನಕ್ಕೆ ತಗಲಬಹುದಾದ ಕಂಪನಕ್ಕೆ ಕಾನೂನಿನ ಮಿತಿಯನ್ನು ವಿಧಿಸಿತು. ಹೆಸರಾಂತ ತಯಾರಕರು ಕಂಪನದ ಪ್ರಮಾಣವನ್ನು ಕೈಪಿಡಿಯಲ್ಲಿ ಮುದ್ರಿಸುತ್ತಾರೆ. ಕಂಪೆನಿಗಳನ್ನು ಹೋಲಿಸುವಾಗ ಈ ಅಂಕಿಯನ್ನು ಶಕ್ತಿಯಷ್ಟೇ ಗಮನವಿಟ್ಟು ನೋಡಬೇಕು. ಶಿರಸ್ತ್ರಾಣ, ಕಿವಿಗಾಪು, ಮುಖಪರದೆ ಮತ್ತು ಚೈನನ್ನು ತಡೆಯುವ ಕಾಲುಡುಗೆ ಇವುಗಳ ಬೆಲೆಯನ್ನು ಗರಗಸದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿರಿ. ಆ ಲೆಕ್ಕ ಕೈಗೆ ಮೀರಿದರೆ ಒಂದು ಮೆಟ್ಟಿಲು ಚಿಕ್ಕ ಗರಗಸವನ್ನು ಕೊಳ್ಳುವುದೇ ಮೇಲು.

ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಇಲ್ಲಿ ಎರಡು ಮಾತು. ರಜೆಯಲ್ಲಿ ತಂದೆಗೆ ನೆರವಾಗಲು ಹುಡುಗನ ಕೈಗೆ ಗರಗಸ ಕೊಡುವುದು ಬೇಡ; ಅಪ್ರಾಪ್ತ ವಯಸ್ಕರು ಅದನ್ನು ಬಳಸಬಾರದೆಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ. ಆದರೆ ಮಕ್ಕಳು ಮಾಡಬಹುದಾದ ಒಂದು ದೊಡ್ಡ ಉಪಕಾರವಿದೆ. ಕೈಪಿಡಿ ಕನ್ನಡದಲ್ಲಿ ಇರುವುದು ಅಪರೂಪ. ಎಂಟು ಹತ್ತನೆಯ ತರಗತಿಯ ಮಕ್ಕಳು ಅದರ ಸುರಕ್ಷತೆಯ ಪುಟಗಳನ್ನು ಓದಿ ಕನ್ನಡದಲ್ಲಿ ತಂದೆಗೆ ಹೇಳಲಿ. ಅದರಿಂದ ಒಂದು ಕೈ ಉಳಿದರೂ ಕಲಿತ ವಿದ್ಯೆ ಸಾರ್ಥಕವಾಯಿತು.

ಇಂಧನದ ವಿಷಯವನ್ನೂ ಕೈಪಿಡಿಯಲ್ಲೇ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಹಲವು ಗರಗಸಗಳಿಗೆ ತಯಾರಕರು ಹೇಳಿದ ಮಿತಿ ಶೇಕಡಾ 10. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಟ್ಯಾಂಕಿನಲ್ಲಿ ಇಂಧನವನ್ನು ವಾರಗಟ್ಟಲೆ ಬಿಡಬಾರದು. ಮಳೆಗಾಲಕ್ಕೆ ಎತ್ತಿಡುವ ಮುನ್ನ ಪೂರ್ತಿ ಬರಿದು ಮಾಡಬೇಕು. ತಯಾರಕರು ಒಪ್ಪಿದ ಎಣ್ಣೆಯನ್ನು ಸಾಮಾನ್ಯವಾಗಿ ಐವತ್ತಕ್ಕೆ ಒಂದರಂತೆ, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರಿನಂತೆ ಬೆರೆಸುತ್ತಾರೆ. ನೀವು ಆರಿಸಿದ ಮಾದರಿಗೆ ಎಷ್ಟು ಎಥನಾಲ್ ಒಪ್ಪಿಗೆ ಎಂಬುದನ್ನು ಮಾರುವವನಿಂದ ಬರವಣಿಗೆಯಲ್ಲಿ ಪಡೆಯಿರಿ. ಎಂಜಿನ್ ಕೆಟ್ಟಾಗ ‘ನಿಮ್ಮ ಪೆಟ್ರೋಲಿನದೇ ದೋಷ’ ಎಂಬ ಉತ್ತರ ಬರುವುದುಂಟು.

ಈಗ ಕಾನೂನಿನ ಮಾತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವನನ್ನು ಗ್ರಾಹಕನೆಂದು ಪರಿಗಣಿಸುವುದಿಲ್ಲ. ‘ನೀನು ಕೂಲಿಗೆ ಮರ ಕಡಿಯುವವ, ನಿನಗೆ ಗ್ರಾಹಕ ನ್ಯಾಯಾಲಯವಿಲ್ಲ’ ಎಂದು ಮಾರಾಟಗಾರರು ಹೆದರಿಸಲು ಇದೇ ಆಧಾರ. ಆ ಹೆದರಿಕೆ ಬೇಡ. ಸ್ವಂತ ದುಡಿಮೆಯಿಂದ ಜೀವನ ನಡೆಸುವುದಕ್ಕಾಗಿಯೇ ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲವೆಂದು ಅದೇ ಕಾಯ್ದೆಯ ವಿವರಣೆ ಸ್ಪಷ್ಟಪಡಿಸುತ್ತದೆ. ಹಳೆಯ ಕಾಯ್ದೆಯ ಇಂಥದೇ ವಿವರಣೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಒಬ್ಬಿಬ್ಬರ ನೆರವನ್ನು ಪಡೆದ ಮಾತ್ರಕ್ಕೆ ತಾನೇ ಯಂತ್ರ ನಡೆಸುವವನು ಗ್ರಾಹಕನೆನಿಸಿಕೊಳ್ಳದೆ ಹೋಗುವುದಿಲ್ಲವೆಂದು ಹೇಳಿದೆ. ಹಗ್ಗ ಹಿಡಿಯಲು ಇಬ್ಬರನ್ನು ಕರೆದುಕೊಂಡು ಹೋಗುವ ನಮ್ಮ ಮರ ಕಡಿಯುವವನಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ನಾಲ್ಕು ಗರಗಸಗಳನ್ನು ಕೊಂಡು ಆಳುಗಳಿಂದ ದುಡಿಸುವ ಗುತ್ತಿಗೆದಾರನ ಸ್ಥಿತಿ ಬೇರೆ.

ಗಡಿನಾಡಿನವರಿಗೆ ಇನ್ನೊಂದು ಅನುಕೂಲವಿದೆ. ನಮ್ಮಲ್ಲಿ ಹಲವರು ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಯಂತ್ರ ಕೊಳ್ಳುತ್ತಾರೆ. ದೋಷ ಕಂಡಾಗ ಅಲ್ಲಿಗೇ ಅಲೆಯಬೇಕಾಗಿಲ್ಲ. 2019ರ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಸಲ್ಲಿಸಬಹುದು. ತೆತ್ತ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಕಾರಣ ಒದಗಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಎಷ್ಟೋ ತಕರಾರುಗಳು ಅಲ್ಲೇ ಬಗೆಹರಿಯುತ್ತವೆ. ಆದರೆ ಇದೆಲ್ಲಕ್ಕೂ ಕೈಯಲ್ಲಿ ಬಿಲ್ಲು ಬೇಕು. ಯಂತ್ರದ ಮೇಲೆ ಕೊರೆದ ಸಂಖ್ಯೆ, ಕೊಂಡವನ ಹೆಸರು, ದಿನಾಂಕ, ತೆರಿಗೆ ಇವಿಷ್ಟೂ ಬಿಲ್ಲಿನಲ್ಲಿರಲಿ. ಪ್ರಸಿದ್ಧ ಗರಗಸಗಳ ಬಣ್ಣವನ್ನೂ ಹೆಸರನ್ನೂ ಹೋಲುವ ನಕಲಿಗಳು ಮಾರುಕಟ್ಟೆಯಲ್ಲಿವೆ. ಬಿಲ್ಲು ಕೊಡಲು ಹಿಂಜರಿಯುವುದು ಅವುಗಳನ್ನು ಗುರುತಿಸುವ ಒಂದು ಲಕ್ಷಣ.

ಕೊನೆಯ ಎಚ್ಚರಿಕೆ ಗರಗಸವನ್ನೇ ಕಳೆದುಕೊಳ್ಳುವ ಅಪಾಯದ ಕುರಿತಾದುದು. ಅರಣ್ಯೇತರ ಭೂಮಿಯಲ್ಲಿ ಮರ ಬೆಳೆಸುವುದನ್ನು ಪ್ರೋತ್ಸಾಹಿಸುವ ಕೇರಳದ 2005ರ ಕಾಯ್ದೆ ಖಾಸಗಿ ಭೂಮಿಯ ಒಡೆಯನಿಗೆ ಮರ ಕಡಿಯುವ ವಿಸ್ತಾರವಾದ ಹಕ್ಕನ್ನು ನೀಡಿದೆ. ಶ್ರೀಗಂಧ ಅದಕ್ಕೆ ಹೊರತು. ಅಧಿಸೂಚಿತ ಪ್ರದೇಶಗಳಿಗೆ ನಿರ್ಬಂಧಗಳುಂಟು. ಸರಕಾರ ಪಟ್ಟಾ ನೀಡಿದ ಭೂಮಿಯಲ್ಲಿನ ಬೀಟೆ, ತೇಗದಂಥ ಮರಗಳ ಪ್ರಶ್ನೆ ಇನ್ನೂ ಜಟಿಲ. 2021ರಲ್ಲಿ ಬೆಳಕಿಗೆ ಬಂದ ವಯನಾಡಿನ ಮುಟ್ಟಿಲ್ ಬೀಟೆ ಮರಗಳ ಪ್ರಕರಣ ಎಲ್ಲರಿಗೂ ತಿಳಿದದ್ದೇ. ಅರಣ್ಯ ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಮರದೊಡನೆ ಅದನ್ನು ಕಡಿಯಲು ಬಳಸಿದ ಉಪಕರಣಗಳನ್ನೂ ವಶಪಡಿಸಿಕೊಳ್ಳಲು ಕೇರಳ ಅರಣ್ಯ ಕಾಯ್ದೆ, 1961ರ 52ನೆಯ ಕಲಮು ಅವಕಾಶ ಕೊಡುತ್ತದೆ. ಮರ ಮಾರಿದವನಿಗೆ ಹಣ ಬಂದಿರುತ್ತದೆ. ಕೂಲಿಯವನ ಗರಗಸ ಮಾತ್ರ ಠಾಣೆಯಲ್ಲಿ ತುಕ್ಕು ಹಿಡಿಯುತ್ತದೆ, ಸಾಲದ ಕಂತು ಮುಂದುವರಿಯುತ್ತದೆ. ಆದುದರಿಂದ ಬೆಲೆಬಾಳುವ ಮರಕ್ಕೆ ಗರಗಸ ತಾಗಿಸುವ ಮುನ್ನ ಭೂಮಿಯ ದಾಖಲೆಯನ್ನೂ ಅನುಮತಿ ಬೇಕಾದಲ್ಲಿ ಅದರ ಪ್ರತಿಯನ್ನೂ ಕೇಳಿ ಪಡೆಯಿರಿ. ಸಂಶಯವಿದ್ದರೆ ಅರಣ್ಯ ಕಚೇರಿಗೆ ಕನ್ನಡದಲ್ಲೇ ಬರೆದು ಕೇಳಿರಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಹಾಗಾದರೆ ಯಾವ ಕಂಪೆನಿ? ನಿಮ್ಮ ಮನೆಗೆ ಅತಿ ಸಮೀಪದ ಪೇಟೆಯಲ್ಲಿ ಅಧಿಕೃತ ದುರಸ್ತಿ ಕೇಂದ್ರವೂ ಅಸಲಿ ಚೈನ್ ಮತ್ತು ಬಿಡಿಭಾಗಗಳ ದಾಸ್ತಾನೂ ಯಾವ ಮೇಲುದರ್ಜೆಯ ಕಂಪೆನಿಗೆ ಇದೆಯೋ ಆ ಕಂಪೆನಿ. ಡಿಸೆಂಬರಿನಲ್ಲಿ ಕೆಟ್ಟ ಗರಗಸಕ್ಕೆ ಫೆಬ್ರವರಿಯಲ್ಲಿ ಬಿಡಿಭಾಗ ಬಂದರೆ 5.6 ಕಿಲೋವಾಟಿನ ಶಕ್ತಿಯಿಂದ ಪ್ರಯೋಜನವೇನು? ಕೊಳ್ಳಲು ಹೊರಡುವ ಮುನ್ನಾದಿನ ಆ ದುರಸ್ತಿ ಕೇಂದ್ರಕ್ಕೆ ಹೋಗಿ, ಅಲ್ಲಿ ರಿಪೇರಿಗೆ ಬಂದಿಟ್ಟಿರುವ ಗರಗಸಗಳು ಎಷ್ಟು ದಿನಗಳಿಂದ ಕಾಯುತ್ತಿವೆ ಎಂದು ಒಮ್ಮೆ ವಿಚಾರಿಸಿ ಬನ್ನಿ.