ಮೆರಿಟ್ಟಿನ ರೇಟು

ನಮ್ಮ ಕೇರಿಯ ಹುಡುಗಿ ಮೀಸಲಾತಿಯಲ್ಲಿ ಮೆಡಿಕಲ್ ಸೀಟು ಹಿಡಿದರೆ, 'ಮೆರಿಟ್ ಸತ್ತೋಯ್ತು' ಅಂತ ಊರು ಬಾಯಿ ಬಡಕೊಳ್ಳುತ್ತದೆ. ಸ್ವಾಮಿ, ದುಡ್ಡು ಸುರಿದು ಕೊಂಡ ಸೀಟಿಗೆ ಯಾವ ಮೆರಿಟ್ಟು? ಕ್ಯಾಪಿಟೇಶನ್ ನಿಷೇಧ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1984ರಲ್ಲಿ. ಅದೇ ಕಾಯ್ದೆಯಡಿ 1989ರಲ್ಲಿ ಸರ್ಕಾರವೇ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ರೇಟು ಬೋರ್ಡು ಬರೆದುಕೊಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ, ಮಿಕ್ಕ ಕನ್ನಡನಾಡಿನವರಿಗೆ 25 ಸಾವಿರ, ಹೊರಗಿನವರಿಗೆ 60 ಸಾವಿರ! 1992ರಲ್ಲಿ ಸುಪ್ರೀಂ ಕೋರ್ಟು ಇದು ಕ್ಯಾಪಿಟೇಶನ್ನೇ ಅಂದಿತು. ಈಗ ಮ್ಯಾನೇಜ್‌ಮೆಂಟ್ ಕೋಟಾ, ಎನ್‌ಆರ್‌ಐ ಕೋಟಾ ಅಂತ ಹೆಸರು. ನೀಟ್ ಪಾಸಾದರಾಯ್ತು, ರ‍್ಯಾಂಕು ಹಿಂದಿದ್ದರೂ ದುಡ್ಡು ಮುಂದಿರಬೇಕು.

ಮೇಷ್ಟ್ರುಗಳೇ, ನಮ್ಮ ಮಕ್ಕಳ ಆಪ್ಷನ್ ಎಂಟ್ರಿಯನ್ನ ಸೈಬರ್ ಅಂಗಡಿಯವನ ಕೈಗೆ ಬಿಡಬೇಡಿ. ಪಕ್ಕದಲ್ಲಿ ಕೂತು ಸರ್ಕಾರಿ ಕಾಲೇಜುಗಳನ್ನೇ ಮೊದಲು ತುಂಬಿಸಿ. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಕರಕೊಂಡು ಹೋಗಿ.